ನಲವತ್ತೊಂದು ಜೊತೆ ಬಟ್ಟೆ

ನಮ್ಮೂರಿನಲ್ಲಿ ವರ್ಷಕ್ಕೊಂದು ದಿನ ನಲವತ್ತೊಂದು ಜನ, ಈಗ ಇಲ್ಲದವರ ಬಟ್ಟೆ ತೊಟ್ಟು ಬೀದಿಗಿಳಿಯುತ್ತಾರೆ. ಮಿಕ್ಕವರು ಜಗಲಿಯ ಮೇಲೆ ನಿಂತು ನೋಡುತ್ತಾರೆ. ನಾನು ಜಗಲಿಯವಳು. ಊರಿಗೊಂದೇ ಹಿಟ್ಟಿನ ಗಿರಣಿ, ಅದು ನನ್ನದು. ರಾಗಿ ತಂದವರು ರಾಗಿಯ ಜೊತೆ ಮಾತನ್ನೂ ತರುತ್ತಾರೆ, ಎರಡೂ ನುಣ್ಣಗಾಗುವವರೆಗೆ ಕೂತಿರುತ್ತಾರೆ. ಹಾಗಾಗಿ ಹೇಳುವುದಕ್ಕೆ ನಾನೇ ಸರಿ ಅಂದುಕೊಂಡು ಹೇಳುತ್ತಿದ್ದೇನೆ.

ಬಹಳ ವರ್ಷದ ಹಿಂದೆ ಕೆಳಗಿನ ಬೀದಿಯ ನಲವತ್ತೊಂದು ಜನ, ಮನೆಗೆ ಮನೆಯೇ, ಮೆರವಣಿಗೆ ಹೊರಟು ಕಚೇರಿಯ ದೊಡ್ಡ ಬಾಗಿಲಿಗೆ ಬಂದರು. ಏನನ್ನೋ ಕೇಳಲು ಬಂದರು. ಮುಂದೆ ಒಬ್ಬ ಹೆಂಗಸು. ಅವಳು ‘ಬೇಕೇ ಬೇಕು’ ಎಂದು ಕೂಗುವಳು, ಹಿಂದಿನವರು ಇಂಥದ್ದು ಬೇಕು ಎಂದು ತಿರುಗಿ ಕೂಗುವರು. ಬೆಳಗಿನಿಂದ ಹಾಗೇ ಕೂಗಿಕೊಂಡು ಬಂದರಂತೆ. ಉಳಿದ ಊರು ಬಾಗಿಲು ಹಾಕಿಕೊಂಡಿತು. ಕೆಲವರು ಕಿವಿಗೆ ಹತ್ತಿಯನ್ನೂ ಇಟ್ಟುಕೊಂಡರು. ಸೂರ್ಯ ನೆತ್ತಿಗೆ ಬಂದಾಗ ಆ ಹೆಂಗಸು ಕಚೇರಿಯ ಬಾಗಿಲ ಮುಂದೆ ನಿಂತು ‘ಬೇಕೇ ಬೇಕು’ ಅಂದಳು. ಹಿಂದಿನವರ ಉತ್ತರ ಬರಲಿಲ್ಲ. ಬಹಳ ಹೊತ್ತು ಬರಲಿಲ್ಲ. ಊರವರು ಬಾಗಿಲು ತೆಗೆದು ನೋಡಿದಾಗ ಬೀದಿಯಲ್ಲಿ ಜನ ಇರಲಿಲ್ಲ, ಬಟ್ಟೆ ಇದ್ದವು. ನಲವತ್ತೊಂದು ಜೊತೆ, ಮೆರವಣಿಗೆ ನಡೆದ ಸಾಲಿನಲ್ಲೇ. ಅಂಗಿಗಳಿಗೆ ಗುಂಡಿ ಹಾಕಿದಂತೇ ಇತ್ತು. ಸೀರೆಗಳ ನೆರಿಗೆ ಬಿಚ್ಚಿರಲಿಲ್ಲ. ಒಂದು ತೊಟ್ಟು ರಕ್ತ ಇರಲಿಲ್ಲ ಅನ್ನುತ್ತಾರೆ. ಅದನ್ನು ಯಾಕೆ ಅಷ್ಟು ಒತ್ತಿ ಹೇಳುತ್ತಾರೋ ನಾನು ಕಾಣೆ.

ಅವರು ಕೇಳಿದ್ದು ಏನು? ಕೂಗಿದವರು ಹೋದರು, ಕಿವಿ ಮುಚ್ಚಿಕೊಂಡವರು ಉಳಿದರು. ಹಾಗಾಗಿ ಯಾರಿಗೂ ಗೊತ್ತಿಲ್ಲ.

ಆಗ ಊರಿನ ನೆನಪನ್ನು ಕಾಯಲು ಒಬ್ಬ ಯಜಮಾನ ಮುಂದೆ ಬಂದ. ಆಗ ಅವನಿಗೆ ಚಿಕ್ಕ ಪ್ರಾಯ, ಈಗ ಮುದುಕ. ಪದ್ಧತಿಯನ್ನೆಲ್ಲ ಅವನೇ ಹಾಕಿಕೊಟ್ಟ. ವರ್ಷಕ್ಕೊಮ್ಮೆ ಬಟ್ಟೆ ಒಗೆಯಬೇಕು. ಬಟ್ಟೆ ಒಣಗಿಸಬೇಕು. ಹರಿದದ್ದನ್ನು ಹೊಲಿಯಬೇಕು. ಊರಿನ ನಲವತ್ತೊಂದು ಜನ ಅದನ್ನು ತೊಟ್ಟು, ಅವರು ನಡೆದ ಸಾಲಿನಲ್ಲೇ ನಡೆಯಬೇಕು. ತೊಟ್ಟಷ್ಟು ಹೊತ್ತು ತಮ್ಮ ಹೆಸರನ್ನು ಹೇಳಬಾರದು. ಸೂರ್ಯ ನೆತ್ತಿಗೆ ಬಂದಾಗ ಕೂಗುವವಳು ಬಾಗಿಲ ಮುಂದೆ ‘ಬೇಕೇ ಬೇಕು’ ಅನ್ನಬೇಕು. ಆಮೇಲೆ ಏಳು ಉಸಿರು ಎಲ್ಲರೂ ಸುಮ್ಮನಿರಬೇಕು. ಆ ಏಳು ಉಸಿರಿನಲ್ಲಿ ನಮ್ಮೂರಿನ ಕಾಗೆಯೂ ಕೂಗುವುದಿಲ್ಲ. ಮುಗಿದ ಮೇಲೆ ಪಾನಕ, ಕೋಸಂಬರಿ. ಜಗಲಿಯ ಮೇಲೆ ನಿಂತು ದಣಿದವರಿಗೆ ಮೊದಲು.

ನಲವತ್ತು ಜನ ಬಟ್ಟೆ ಕಳಚಿಟ್ಟು ಮನೆಗೆ ಬರುತ್ತಾರೆ. ಕೂಗಿದವಳು ಮಾತ್ರ ಪೂರ್ತಿ ಬರುವುದಿಲ್ಲ. ಆ ದಿನದಿಂದ ಅವಳ ಯಾವ ಮಾತೂ ಅರ್ಧಕ್ಕಿಂತ ಮುಂದೆ ಹೋಗುವುದಿಲ್ಲ. ‘ಸಾರಿಗೆ ಸ್ವಲ್ಪ’ ಅನ್ನುತ್ತಾಳೆ, ನಿಲ್ಲುತ್ತಾಳೆ. ಉಪ್ಪೋ, ಹುಳಿಯೋ, ನೀರೋ, ಎದುರಿಗಿದ್ದವರು ಊಹಿಸಬೇಕು. ಅವಳ ಕಣ್ಣು ನಮ್ಮ ಬಾಯಿಯ ಮೇಲೇ ಇರುತ್ತದೆ. ಇಂಥವರನ್ನು ಅರೆಮಾತಿನವರು ಎಂದು ಕರೆಯುತ್ತೇವೆ. ಅವರಿಗೆ ಮರ್ಯಾದೆಗೇನೂ ಕಡಿಮೆಯಿಲ್ಲ. ಮದುವೆಯಲ್ಲಿ ಮೊದಲ ಪಂಕ್ತಿ ಅವರಿಗೇ.

ಇನ್ನೊಬ್ಬರ ಮಾತನ್ನು ಮುಗಿಸುವುದರಲ್ಲಿ ನಮ್ಮೂರಿನವರನ್ನು ಮೀರಿಸುವ ಜನ ಇಲ್ಲ. ಚಿಕ್ಕಂದಿನಿಂದ ಅದೇ ಅಭ್ಯಾಸ. ಒಮ್ಮೆ ಅರೆಮಾತಿನವಳೊಬ್ಬಳು ‘ನನಗೆ ಆ ಗಂಡು’ ಅಂದು ನಿಂತಳು. ಒಪ್ಪಿಗೆ ಅಂದೆವು. ಮದುವೆ ಮಾಡಿದೆವು. ಧಾರೆಯ ಹೊತ್ತಿಗೆ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಸಂತೋಷ ತಡೆಯಲಾರದೆ ಅಂದೆವು. ಹೀಗೆ ಹೇಳಿದ ಮೊದಲ ಬಾಯಿ ನನ್ನದೇ.

ಕೂಗುವವಳನ್ನು ಆರಿಸುವುದು ಒಂದು ರವಿಕೆ. ಆ ಮುಂದಿನ ಹೆಂಗಸಿನ ಹಸಿರು ರವಿಕೆ. ಅದನ್ನು ಹೊಲಿಗೆಯವಳು ತಟ್ಟೆಯಲ್ಲಿಟ್ಟುಕೊಂಡು ಮನೆಯಿಂದ ಮನೆಗೆ ಹೋಗುತ್ತಾಳೆ. ಯಜಮಾನನ ಮನೆಯೊಂದನ್ನು ಬಿಟ್ಟು; ನಡೆಸುವವರ ಮನೆಗೆ ಒಯ್ಯಬಾರದೆಂದು ಅವನದೇ ಪದ್ಧತಿ. ಪ್ರಾಯದ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ತೊಟ್ಟು ನೋಡುತ್ತಾರೆ. ಒಬ್ಬಳಿಗೆ ಕಂಕುಳಲ್ಲಿ ಹಿಡಿಯುತ್ತದೆ, ಒಬ್ಬಳಿಗೆ ಭುಜದಿಂದ ಜಾರುತ್ತದೆ. ಊರಿನಲ್ಲಿ ಒಬ್ಬಳಿಗೆ ಮಾತ್ರ ಸರಿಯಾಗುತ್ತದೆ. ಹೋದ ವರ್ಷ ಕಡ್ಡಿಯಂಥವಳಿಗೆ ಆದದ್ದು ಈ ವರ್ಷ ದುಂಡನೆಯವಳಿಗೆ ಆಗುತ್ತದೆ. ಹೊಲಿಗೆಯವಳು ನಡುವೆ ಒಂದು ಹೊಲಿಗೆ ಬಿಚ್ಚಿರುವುದಿಲ್ಲ, ಒಂದು ಹೊಲಿಗೆ ಹಾಕಿರುವುದಿಲ್ಲ.

ಹೊಲಿಗೆಯವಳು ನನ್ನ ಗಿರಣಿಯ ಪಕ್ಕದ ಮನೆಯವಳು. ಗಂಡ ಇಲ್ಲ. ಒಬ್ಬಳೇ ಮಗಳು. ಹನ್ನೊಂದು ವರ್ಷದಿಂದ ಆ ತಟ್ಟೆ ಹೊತ್ತವಳು. ಸರಿಯಾದವಳ ಮುಂದೆ ತಲೆ ತಗ್ಗಿಸಿ ‘ಆಯ್ತು ಕಣವ್ವ’ ಅನ್ನುತ್ತಿದ್ದಳು, ಆ ಮನೆಯ ತಾಯಿಯ ಮುಖ ನೋಡದೆ ಹೊರಡುತ್ತಿದ್ದಳು. ಎರಡನೆಯ ವರ್ಷ ಅವಳ ಸ್ವಂತ ಅಕ್ಕನಿಗೇ ರವಿಕೆ ಸರಿಹೋಯಿತು. ಅಂದಿನಿಂದ ಅಕ್ಕ ಅರೆಮಾತಿನವಳು, ತಂಗಿಯ ಮನೆಯಲ್ಲೇ ಇದ್ದಾಳೆ. ಅಕ್ಕನ ಗಂಟಲು ಹೋದ ಮೇಲೂ ತಂಗಿ ತಟ್ಟೆ ಕೆಳಗಿಡಲಿಲ್ಲ. ‘ನಾನಲ್ದಿದ್ರೆ ಇನ್ನೊಬ್ಳು ಹೊರ್ತಾಳೆ’ ಅನ್ನುತ್ತಿದ್ದಳು.

ಈ ವರ್ಷ ರವಿಕೆ ಮೇಲಿನ ಬೀದಿಯಲ್ಲಿ ಯಾರಿಗೂ ಆಗಲಿಲ್ಲ. ನಡುಬೀದಿಯಲ್ಲಿ ಆಗಲಿಲ್ಲ. ಕೆಳಗಿನ ಬೀದಿಯಲ್ಲಿ ಆಗಲಿಲ್ಲ. ಹೊಲಿಗೆಯವಳು ತಟ್ಟೆ ಹಿಡಿದು ತನ್ನ ಮನೆಯ ಹೊಸ್ತಿಲಿಗೆ ಬಂದು ನಿಂತಳು. ಮಗಳಿಗೆ ಆಗ ಹದಿನೆಂಟು ತುಂಬಿ ಎಂಟು ದಿನ.

ಆ ಮಗಳ ಬಗ್ಗೆ ಹೇಳಬೇಕು. ಅವಳು ಬಾಯಿ ತೆರೆದರೆ ನನ್ನ ಗಿರಣಿಯ ಸದ್ದು ಕೇಳುತ್ತಿರಲಿಲ್ಲ. ತರಕಾರಿಯವನ ಜೊತೆ ಜಗಳ, ಬೆಕ್ಕಿನ ಜೊತೆ ಪಂಚಾಯಿತಿ, ಕನಸಿನಲ್ಲೂ ಮಾತು. ಒಂದು ಕಥೆ ಶುರುಮಾಡಿದರೆ ಅದರೊಳಗೆ ಮೂರು ಕಥೆ ಬಂದು, ಕೊನೆಗೆ ಮೊದಲಿನದನ್ನೂ ಮರೆಯದೆ ಮುಗಿಸುತ್ತಿದ್ದಳು. ಅರ್ಧ ಮಾತಿನ ಊರಿನಲ್ಲಿ ಅವಳ ಮಾತು ಕೇಳುವುದೇ ಒಂದು ಹಬ್ಬ. ನನಗೆ ಅವಳ ಮೇಲೆ ಜೀವ.

ರವಿಕೆ ತೊಟ್ಟು ಅವಳು ನೇರವಾಗಿ ಗಿರಣಿಗೇ ಬಂದಳು.

‘ನೋಡತ್ತೆ, ಕೈ ಎತ್ತಿದ್ರೂ ಹಿಡಿಯಲ್ಲ. ನಂಗೇ ಅಳತೆ ಕೊಟ್ಟು ಹೊಲಿಸ್ದಂಗೈತೆ.’

ಹಿಂದೆಯೇ ತಾಯಿ ಖಾಲಿ ತಟ್ಟೆ ಹಿಡಿದು ಬಂದಳು.

‘ಬಿಚ್ಚೇ ಅದ್ನ. ಮೊದ್ಲು ಬಿಚ್ಚು.’

‘ಯಾಕವ್ವ? ಬೇರೆಯವ್ರ ಮನೆ ಹೆಣ್ಮಕ್ಳಿಗಾದಾಗ ಬಿಚ್ಚು ಅಂದ್ಯಾ? ಯಾರಾದ್ರೂ ಕೂಗ್ಲೇಬೇಕಲ್ಲ. ಅವ್ರು ಕೂಗಿ ಕೂಗಿ ಹೋದ್ರು, ನಾವು ವರ್ಷಕ್ಕೊಂದು ಸಲ ಕೂಗಕ್ಕೂ ಹೆದರ್ಕೊಂಡ್ರೆ ಹೆಂಗೆ?’

ತಾಯಿ ಖಾಲಿ ತಟ್ಟೆಯನ್ನು ಸೆರಗಿನಡಿ ಮುಚ್ಚಿಕೊಂಡು ಮನೆಗೆ ಹೋದಳು.

ಅವತ್ತು ಮಧ್ಯಾಹ್ನ ಹೊಲಿಗೆಯವಳು ಮತ್ತೆ ಬಂದು ಗಿರಣಿಯ ಕದ ಮುಂದಕ್ಕೆಳೆದಳು.

‘ಅಕ್ಕ, ಒಂದು ತಪ್ಪು ಮಾಡಿವ್ನಿ. ಪಕ್ಕದಾಗೆ ಒಂದೇ ಒಂದು ಹೊಲಿಗೆ ಹಾಕ್ದೆ. ಕಣ್ಣಿಗೆ ಕಾಣಲ್ಲ. ನಾಳೆ ಹಾಕಿ ನೋಡಿದ್ರೆ ಬಿಗಿಯಾಯ್ತದೆ. ಆಗ್ಲಿಲ್ಲ ಅಂತ ಹೇಳ್ತೀನಿ.’

‘ಹೇಳಿ?’

‘ಇನ್ನೊಂದು ಮನೆಗೆ ಒಯ್ತೀನಿ.’

ಹಾಗಂದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡಳು. ರಾಗಿ ಚೀಲದ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನು ಬೆನ್ನು ಸವರಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ನೂಲು ರವಿಕೆಯ ಪಕ್ಕದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಕತ್ತರಿಸಿರಲಿಲ್ಲ, ತುಂಡಾಗಿರಲಿಲ್ಲ. ಸೂಜಿ ಹೋದ ದಾರಿಯಲ್ಲೇ ವಾಪಸು ಬಂದಿತ್ತು.

ಆಗ ಅವಳು ಯಜಮಾನನ ಹತ್ತಿರ ಹೋದಳು. ಜೊತೆಗಿರಲಿ ಅಂತ ನನ್ನನ್ನೂ ಎಳೆದುಕೊಂಡು ಹೋದಳು. ಯಜಮಾನ ತನ್ನ ಎಣ್ಣೆಯಂಗಡಿಯ ಜಗಲಿಯಲ್ಲಿ ಕೂತು, ಒಗೆದು ಬಂದ ಅಂಗಿಗಳ ಗುಂಡಿ ಎಣಿಸುತ್ತಿದ್ದ. ಒಂದು ಗುಂಡಿ ಕಳೆದರೂ ಅವನಿಗೆ ನಿದ್ದೆ ಬರುವುದಿಲ್ಲ. ಮೃದು ಮನುಷ್ಯ. ನಮ್ಮ ಮನೆಗಳ ಸಾವುನೋವಿಗೆ ಮೊದಲು ಬರುವವನು ಅವನೇ.

‘ಯಜಮಾನ್ರೇ,’ ಅಂದಳು ಹೊಲಿಗೆಯವಳು, ‘ಅವ್ರು ಏನು ಕೇಳಿದ್ರು ಅಂತ ಗೊತ್ತಾದ್ರೆ ನಾವು ತಿರುಗಿ ಕೂಗ್ಬೋದಲ್ಲ? ಮಾತು ಪೂರ್ತಿ ಆಯ್ತದೆ. ಅದು ಪೂರ್ತಿ ಆದ್ರೆ ನನ್ ಮಗಳ ಮಾತು ಉಳೀತದೆ ಅಂತ ನಂಗನ್ನಿಸ್ತದೆ.’

‘ನಂಗೇನು ಗೊತ್ತವ್ವ? ನಾನೂ ಇದೇ ಅಂಗಡಿ ಬಾಗ್ಲು ಹಾಕ್ಕೊಂಡು ಒಳಗಿದ್ದೆ. ಕಿವಿಗೆ ಹತ್ತಿ ಇಟ್ಕೊಂಡಿದ್ದೆ. ಒಂದು ಪದ ಕೇಳ್ಲಿಲ್ಲ, ದೇವರಾಣೆ.’

‘ಗೊತ್ತಿರೋರು ಯಾರೂ ಇಲ್ವಾ?’

‘ಇದ್ರೂ ಕೂಗ್ಬಾರ್ದು.’ ಅವನು ದನಿ ಇಳಿಸಿದ. ‘ಆ ಬಾಗ್ಲ ಹಿಂದೆ ಕಚೇರಿಯೋರು ಇನ್ನೂ ನಿಂತವ್ರೆ, ಕೋಲು ಎತ್ಕೊಂಡು. ಉಳಿದರ್ಧ ಮಾತಿಗೆ ಕಾಯ್ತಾವ್ರೆ. ನೀನು ಮುಗ್ಸಿದ್ರೆ ಆ ದಿನ ಮುಂದುವರೀತದೆ. ಊರಲ್ಲಿ ಒಬ್ರೂ ಉಳಿಯಲ್ಲ. ವರ್ಷಕ್ಕೊಂದು ಗಂಟ್ಲು ಕೊಟ್ಟು ಊರು ಕಾಪಾಡ್ಕೊಂಡಿದೀವಿ. ನಿನ್ ಮಗಳು ಪುಣ್ಯವಂತೆ ಅನ್ಕೋ.’

ಆ ಬಾಗಿಲನ್ನು ಮುಟ್ಟಿದವರಿಲ್ಲ. ಅದರ ಹತ್ತಿರ ಹೋಗುವ ಹಕ್ಕು ಕೂಗುವವಳೊಬ್ಬಳಿಗೆ, ಅದೂ ಆ ಏಳು ಉಸಿರಿನ ಮಟ್ಟಿಗೆ. ಉಳಿದ ದಿನ ನಾವು ಆ ಗೋಡೆಯ ಪಕ್ಕ ಹೋಗುವಾಗ ಕೆಮ್ಮನ್ನೂ ತಡೆದುಕೊಳ್ಳುತ್ತೇವೆ.

ಹೊಲಿಗೆಯವಳು ಬಿಡಲಿಲ್ಲ. ಗಿರಣಿಗೆ ಬಂದವರನ್ನೆಲ್ಲ ಕೇಳಿದಳು. ಅವರು ಏನು ಕೇಳಿದ್ದಿರಬಹುದು? ಬಾವಿ ಬತ್ತಿದ ಕೇರಿಯವರು ನೀರು ಅಂದರು. ಕೂಲಿಯವನು ಕೂಲಿ ಅಂದ. ಮೊಮ್ಮಗುವನ್ನು ಮಣ್ಣು ಮಾಡಿದ ಮುದುಕಿ ಆಸ್ಪತ್ರೆ ಅಂದಳು. ತನ್ನ ಹೊಲಕ್ಕೆ ದಾರಿಯಿಲ್ಲದವನು ದಾರಿ ಅಂದ, ಆಣೆ ಇಟ್ಟು ಹೇಳಿದ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಇಲ್ಲದ್ದನ್ನು ಅವರ ಬಾಯಿಗೆ ತುಂಬಿದರು. ನಾನೂ ಒಂದು ಹೇಳಿದೆ, ಏನೆಂದು ಈಗ ನೆನಪಿಲ್ಲ.

ಕೊನೆಗೆ ಅವಳು ತನ್ನ ಅಕ್ಕನ ಎದುರು ಕೂತಳು. ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ.

‘ಅಕ್ಕ, ನೀನು ಬಾಗ್ಲ ಮುಂದೆ ನಿಂತಿದ್ಯಲ್ಲ. ಆ ಏಳು ಉಸುರ್ನಾಗೆ ಏನು ಕಂಡೆ?’

‘ಬಾಗ್ಲ ಸಂದೀಲಿ...’ ಅಂದಳು ಅಕ್ಕ.

‘ಉಸಿರಾಡೋದು ಕೇಳ್ತದೆ ಅಲ್ವಾ?’ ಅಂದೆ ನಾನು.

‘ಸುಮ್ನಿರಕ್ಕ,’ ಅಂದಳು ಹೊಲಿಗೆಯವಳು ನನಗೆ. ‘ಮುಗಿಸ್ಬ್ಯಾಡ.’

ನನಗೆ ಕೋಪ ಬಂತು. ಒಳ್ಳೆಯದಕ್ಕೆ ಹೇಳಿದವಳಿಗೆ ಇದೇನು ಮಾತು ಅಂದುಕೊಂಡೆ. ಅವಳು ನನ್ನ ಕಡೆ ನೋಡಲಿಲ್ಲ. ಅಕ್ಕನ ಎದುರು ಸುಮ್ಮನೆ ಕೂತಿದ್ದಳು. ಹೊಸ್ತಿಲಲ್ಲಿದ್ದ ಬಿಸಿಲು ಗೋಡೆಗೆ ಬಂತು. ಯಾರೂ ಮುಗಿಸದೆ ತನ್ನ ಮಾತು ಅಷ್ಟು ಹೊತ್ತು ಹಾಗೇ ಉಳಿದದ್ದನ್ನು ಅಕ್ಕ ಒಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಅವಳು ಹೆಗಲಿನ ಟವಲು ತೆಗೆದು ನೆಲದ ಮೇಲೆ ಹರಡಿದಳು. ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಇನ್ನೊಂದು ಮಡಿಕೆ ಮಾಡಿದಳು. ಅಂಗೈಯಿಂದ ಒತ್ತಿ ಸುಕ್ಕು ತೆಗೆದಳು. ಬಿಚ್ಚಿದಳು. ಮತ್ತೆ ಮಡಚಿದಳು.

‘ಬಟ್ಟೆ ಮಡಿಸ್ಬೇಕಾ? ಕೊಡಿತ್ಲಾಗೆ, ನಾನು ಮಡಿಸ್ತೀನಿ,’ ಅಂದೆ. ಅಭ್ಯಾಸ ಎಲ್ಲಿ ಹೋಗುತ್ತದೆ.

ಅಕ್ಕ ನನ್ನನ್ನು ನೋಡಿದಳು. ನನಗೆ ನಾಚಿಕೆಯಾಯಿತು, ಯಾಕೆಂದು ತಿಳಿಯಲಿಲ್ಲ.

ಹೊಲಿಗೆಯವಳು ಉಳಿದ ಅರೆಮಾತಿನವರ ಮನೆಗಳಿಗೂ ಹೋದಳು. ಕೇಳಿದಳು, ಮುಗಿಸದೆ ಕಾದಳು. ಒಬ್ಬಳು ಸೀರೆ ಮಡಚಿದಳು. ಒಬ್ಬಳು ಗೋಣಿ ಮಡಚಿದಳು. ಮುತ್ತುಗದ ಎಲೆಯನ್ನೇ ನಾಲ್ಕಾಗಿ ಮಡಚಿ ಅವಳ ಕೈಗಿಟ್ಟವಳೂ ಇದ್ದಳು. ಆ ವಾರವೆಲ್ಲ ಊರಿನ ಅರೆಮಾತಿನ ಹೆಂಗಸರು ಜಗಲಿಗಳಲ್ಲಿ ಕೂತು ಕೈಗೆ ಸಿಕ್ಕಿದ್ದನ್ನು ಮಡಚುತ್ತಿದ್ದರು. ಮಾತಿಲ್ಲ, ಅಂಗೈ ಬಟ್ಟೆಯ ಮೇಲೆ ಸವರುವ ಸದ್ದು ಮಾತ್ರ. ‘ಪಾಪ, ದಿನ ಹತ್ರ ಬಂತಲ್ಲ, ಬಟ್ಟೆ ಸಿದ್ಧ ಮಾಡ್ತಾವ್ರೆ’ ಎಂದು ಜನ ಅದನ್ನೂ ಮುಗಿಸಿಕೊಟ್ಟರು. ಯಜಮಾನ ಮಾತ್ರ ಆ ವಾರ ಅಂಗಡಿ ತೆರೆಯಲಿಲ್ಲ.

ಹೊಲಿಗೆಯವಳಿಗೂ ಅರ್ಥವಾಗಲಿಲ್ಲ. ಉತ್ತರ ಸಿಗದೆಯೇ ದಿನ ಬಂತು.

ಬಟ್ಟೆ ತೊಟ್ಟರು. ಸಾಲು ಕಟ್ಟಿದರು. ನಲವತ್ತೊಂದು ಜನ ತಮ್ಮ ಹೆಸರು ಬಿಟ್ಟು ನಡೆದರು. ಅವರ ನೆರಳು ಅವರಿಗಿಂತ ಒಂದು ಹೆಜ್ಜೆ ಹಿಂದೆ ನಡೆಯಿತು. ಪ್ರತಿ ವರ್ಷವೂ ಹಾಗೇ. ಮಗಳು ಮುಂದಿದ್ದಳು, ಹಸಿರು ರವಿಕೆಯಲ್ಲಿ. ಬೆಳಿಗ್ಗೆ ಹೊರಡುವ ಮುಂಚೆ ಅವಳು ಒಂದೇ ಸಮನೆ ಮಾತಾಡಿದ್ದಳಂತೆ, ಹಾಲು ಕಾಯಿಸುವ ವಿಷಯ, ಬೆಕ್ಕಿನ ವಿಷಯ, ಮದುವೆಯಾದರೆ ಎಂಥವನನ್ನು ಆಗುತ್ತಿದ್ದೆ ಎಂಬ ವಿಷಯ. ಇದ್ದಬದ್ದದ್ದನ್ನೆಲ್ಲ ಖರ್ಚುಮಾಡಿ ಹೋಗುವವಳ ಹಾಗೆ. ತಾಯಿ ನನ್ನ ಪಕ್ಕ ಜಗಲಿಯಲ್ಲಿ ನಿಂತಿದ್ದಳು. ನನ್ನ ಕೈ ಹಿಡಿದಿದ್ದಳು.

ಸೂರ್ಯ ನೆತ್ತಿಗೆ ಬಂದ. ನೆರಳುಗಳು ಕಾಲಡಿಗೆ ಸೇರಿದವು. ಮಗಳು ಬಾಗಿಲ ಮುಂದೆ ನಿಂತು ಮುಷ್ಟಿ ಎತ್ತಿದಳು.

‘ಬೇಕೇ ಬೇಕು!’

ಎಂಥ ಗಂಟಲು ಅದು. ಗೋಡೆಗಳು ತಿರುಗಿ ಹೇಳಿದವು.

ಒಂದು ಉಸಿರು. ಎರಡು. ಕಾಗೆಗಳು ಸುಮ್ಮನಾದವು. ಮೂರನೆಯದರಲ್ಲಿ ಮಗಳು ಬಾಗಿಲ ಸಂದಿಗೆ ಬಗ್ಗಿ ನೋಡಿದಳು. ನಾಲ್ಕನೆಯದರಲ್ಲಿ ಥಟ್ಟನೆ ನಮ್ಮ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಐದನೆಯದರಲ್ಲಿ ಅವಳ ಕೈ ಗಂಟಲಿಗೆ ಹೋಯಿತು. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಅವಳ ಮುಖದಲ್ಲಿ ಒಂದು ಭಯ ಕಂಡೆ. ಅಂಥದ್ದನ್ನು ನಾನು ಪ್ರತಿ ವರ್ಷ ನೋಡಿದ್ದೆ, ಭಕ್ತಿ ಅಂದುಕೊಂಡಿದ್ದೆ. ಆರನೆಯ ಉಸಿರು.

ನನ್ನ ಪಕ್ಕದಿಂದ ಒಂದು ಕಿರುಚಾಟ ಎದ್ದಿತು.

‘ಮಗಳು ಬೇಕು! ನನ್ ಮಗಳು ಬೇಕು!’

ಹೊಲಿಗೆಯವಳು ಜಗಲಿಯಿಂದ ಬೀದಿಗೆ ಹಾರಿದ್ದಳು. ಸಾಲನ್ನು ಸೀಳಿಕೊಂಡು ಓಡುತ್ತಿದ್ದಳು. ‘ಮಗಳು ಬೇಕು! ಮಗಳು ಬೇಕು!’

ನಾವೆಲ್ಲ ಕಣ್ಣು ಮುಚ್ಚಿಕೊಂಡೆವು. ಇನ್ನು ಬಾಗಿಲು ತೆರೆದು ಕೋಲು ಹಿಡಿದವರು ಹೊರಗೆ ನುಗ್ಗುತ್ತಾರೆ, ಆ ದಿನ ಮುಂದುವರಿಯುತ್ತದೆ ಅಂದುಕೊಂಡೆವು. ಕಾದೆವು. ಏಳನೆಯ ಉಸಿರು ಆಯಿತು. ಎಂಟನೆಯದೂ ಆಯಿತು. ಬಾಗಿಲು ಅಲುಗಲಿಲ್ಲ. ಆ ಮೌನದಲ್ಲಿ ಯಜಮಾನನ ದನಿ ಕೇಳಿಸಿತು. ಮಕ್ಕಳ ದನಿಯಷ್ಟು ಸಣ್ಣಗೆ.

‘ಅದ್ನ ಯಾರು ಹೇಳಿದ್ರು ನಿಂಗೆ?’

ಹೊಲಿಗೆಯವಳು ಮಗಳನ್ನು ತಬ್ಬಿಕೊಂಡು ತಿರುಗಿದಳು. ‘ಏನ್ನ?’

ಯಜಮಾನ ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಆಡಿದ ಮಾತು ಒಡೆದ ಮುತ್ತು. ಅಂಗಡಿಯ ಬಾಗಿಲ ಹಿಂದೆ ಹತ್ತಿ ಇಟ್ಟುಕೊಂಡು ಕೂತವನಿಗೆ ಅವಳು ಕೂಗಿದ್ದೇ ಆ ಉಳಿದರ್ಧ ಎಂದು ಹೇಗೆ ಗೊತ್ತು? ಜಗಲಿಯಿಂದ ಜಗಲಿಗೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಳಬರಿಗೆ ಆಗ ನೆನಪು ಬಂತು: ಕೆಳಗಿನ ಬೀದಿಯ ಆ ಹೆಂಗಸಿಗೆ ಒಬ್ಬಳು ಮಗಳಿದ್ದಳು. ಕಚೇರಿಯವರು ಅವಳನ್ನು ಈ ಬಾಗಿಲೊಳಗೆ ಎಳೆದುಕೊಂಡು ಹೋಗಿದ್ದರು. ನಲವತ್ತೊಂದು ಜನ ಬೆಳಗಿನಿಂದ ಕೂಗಿಕೊಂಡು ಬಂದದ್ದು ಇಷ್ಟನ್ನೇ. ಯಾವ ತಾಯಿಯಾದರೂ ಕೂಗುವಂಥದ್ದು. ಅದನ್ನು ಊರಿಗೆ ಊರೇ ಮರೆತಿತ್ತು.

‘ಬಾಗ್ಲ ಸಂದೀಲಿ,’ ಅಂದಳು ಹೊಲಿಗೆಯವಳ ಅಕ್ಕ. ನಿಂತಳು. ನನ್ನ ನಾಲಿಗೆ ತುದಿಗೆ ಏನೋ ಬಂತು, ಹಲ್ಲು ಕಚ್ಚಿ ತಡೆದೆ. ‘ಬಾಗ್ಲ ಸಂದೀಲಿ ಬಟ್ಟೆ ಕಾಣ್ತವೆ,’ ಅಂದಳು ಅಕ್ಕ. ಪೂರ್ತಿ ಅಂದಳು. ಅವಳಿಗೇ ನಂಬಿಕೆ ಬರಲಿಲ್ಲ. ‘ನಾನು ಕಂಡೆ. ಎಲ್ರೂ ಕಂಡಿದೀವಿ. ಒಳಗೆ ಯಾರೂ ಇಲ್ಲ, ಬಟ್ಟೆ ಅವೆ.’ ಅಲ್ಲಲ್ಲಿ ಅರೆಮಾತಿನವರು ‘ಹೌದು, ಬಟ್ಟೆ ಅವೆ’ ಅಂದರು. ಎಷ್ಟೋ ವರ್ಷದ ಮೇಲೆ ಅವರ ಮಾತಿಗೆ ಕೊನೆ ಸಿಕ್ಕಿತ್ತು. ಕೆಲವರು ಅಳುತ್ತ ಅದನ್ನೇ ಮತ್ತೆ ಮತ್ತೆ ಹೇಳಿದರು.

ಅಕ್ಕ ಹೋಗಿ ಬಾಗಿಲಿಗೆ ಕೈ ಇಟ್ಟಳು. ಅದಕ್ಕೆ ಬೀಗ ಇರಲಿಲ್ಲ. ಕಿರುಗುಟ್ಟಲೂ ಇಲ್ಲ. ಕೀಲುಗಳಿಗೆ ಎಣ್ಣೆ ಹಾಕಿತ್ತು.

ಜಗಲಿಯ ಮೇಲೆ ಹುಟ್ಟಿ ಬೆಳೆದ ನಾನು ಅವತ್ತು ಬೀದಿಗಿಳಿದೆ. ಎಲ್ಲರೂ ಇಳಿದರು. ಒಳಗೆ ಗುಡಿಸಿದ ಅಂಗಳ. ಅಂಗಳದ ಗೋಡೆಗೆ ಒಂದು ಉದ್ದನೆಯ ಬೆಂಚು. ಬೆಂಚಿನ ಮೇಲೆ ಸಾಲಾಗಿ ಹದಿನಾರು ಜೊತೆ ಖಾಕಿ. ಅಂಚಿಗೆ ಅಂಚು ಕೂಡಿಸಿ ಮಡಚಿದ್ದವು. ಒಂದೊಂದರ ಮೇಲೂ ಸುರುಳಿ ಸುತ್ತಿಟ್ಟ ಸೊಂಟದ ಪಟ್ಟಿ. ಕೋಲುಗಳು ಮೂಲೆಗೆ ಒರಗಿದ್ದವು, ಪೊರಕೆಗಳ ಹಾಗೆ. ಅಂಗಳದ ಆಚೆ ಒಂದು ಚಿಕ್ಕ ಹಿಂಬಾಗಿಲು, ಅದರಿಂದ ನಮ್ಮ ಬೀದಿಗಳ ಕಡೆಗೇ ಸವೆದ ಕಾಲುದಾರಿ.

ಹೊಲಿಗೆಯವಳು ಒಂದು ಮಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬಟ್ಟೆಯ ವಿಷಯ ಅವಳಿಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು.

‘ಬೀದೀಲಿದ್ದೋರು ಗುಂಡಿ ಬಿಚ್ದೆ ಹೋದ್ರು,’ ಅಂದಳು. ‘ಇವ್ರು ಮಡಿಸಿಟ್ಟು ಹೋಗವ್ರೆ. ಬಟ್ಟೆ ಮಡಿಸಿಟ್ಟು ಹೋದೋನು ಮನೆಗೆ ಹೋಗಿರ್ತಾನೆ.’

ಬೆಂಚಿನ ಕೆಳಗೆ ಇನ್ನೊಂದು ಜೊತೆ ಇತ್ತು. ಅದನ್ನು ಯಾರೂ ಮಡಚಿರಲಿಲ್ಲ. ಒಂದು ಹಳದಿ ಲಂಗ, ಹೂವಿನ ರವಿಕೆ, ಕೊಕ್ಕೆ ಹಾಕಿದಂತೇ. ಲಂಗದ ಲಾಡಿ ಗಂಟು ಬಿಚ್ಚಿರಲಿಲ್ಲ. ನಲವತ್ತೆರಡನೆಯದು. ಅದನ್ನು ನಾವು ಎಂದೂ ಒಗೆದಿರಲಿಲ್ಲ, ಎಂದೂ ಯಾರಿಗೂ ತೊಡಿಸಿರಲಿಲ್ಲ, ಅವಳೊಬ್ಬಳಿದ್ದಳು ಎಂದೇ ಅವತ್ತಿನವರೆಗೆ ನೆನೆದಿರಲಿಲ್ಲ. ಹೊಲಿಗೆಯವಳು ಅದನ್ನು ಎತ್ತಿಕೊಂಡು ಮಣ್ಣು ಕೊಡವಿ ಎದೆಗೊತ್ತಿಕೊಂಡಳು.

ಮಗಳು ಆ ಹೊತ್ತಿನವರೆಗೂ ಮಾತಾಡಿರಲಿಲ್ಲ. ಅವಳು ಬಾಯಿ ತೆರೆಯುವುದನ್ನೇ ತಾಯಿ ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ. ಮಗಳು ಯಜಮಾನನ ಕಡೆ ತಿರುಗಿದಳು. ಅವನನ್ನು ಯಾರೋ ತೋಳು ಹಿಡಿದು ಒಳಕ್ಕೆ ಕರೆತಂದಿದ್ದರು.

‘ಅಜ್ಜ,’ ಅಂದಳು, ‘ಇದ್ರಲ್ಲಿ ನಿಮ್ದು ಯಾವ್ದು?’

ಒಂದು ಪದವೂ ಉದುರದ ಪೂರ್ತಿ ಮಾತು. ತಾಯಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

ಯಜಮಾನನ ತುಟಿ ಅಲುಗಿತು. ‘ನಾವು ಹೇಳ್ದಂಗೆ ಕೇಳೋರು... ನಮಗೆ ಮೇಲಿನಿಂದ...’ ಅಂದು ನಿಂತ. ಯಾರಾದರೂ ಮುಗಿಸಿಯಾರೆಂದು ಒಬ್ಬೊಬ್ಬರ ಮುಖ ನೋಡಿದ. ಯಾರೂ ಮುಗಿಸಲಿಲ್ಲ. ಬಿಸಿಲು ಸುಡುತ್ತಿತ್ತು. ಹದಿನಾರು ಜೊತೆಯಲ್ಲಿ ಒಂದು ಅವನದು. ಮಿಕ್ಕ ಹದಿನೈದು? ಅಂಗಳದಲ್ಲಿ ನಿಂತ ಮುದುಕರು ನೆಲ ನೋಡತೊಡಗಿದರು. ಮುದುಕರ ಮಕ್ಕಳು ತಮ್ಮ ತಮ್ಮ ಅಪ್ಪಂದಿರನ್ನು ನೋಡತೊಡಗಿದರು.

ನಾನು ನೋಡುತ್ತಿದ್ದದ್ದು ಬೆಂಚಿನ ಆ ತುದಿಯ ಅಂಗಿಯನ್ನು. ಅದರ ಎದೆಯ ಗುಂಡಿ ಹಿಂದೊಮ್ಮೆ ಕಿತ್ತುಹೋಗಿತ್ತು. ಅದನ್ನು ಗೋಣಿಚೀಲ ಹೊಲಿಯುವ ಹುರಿಯಿಂದ, ನಾಲ್ಕು ಸುತ್ತು ಸುತ್ತಿ, ಗಂಟನ್ನು ಹೊರಗಿಟ್ಟು ಹಾಕಿತ್ತು. ಹಾಗೆ ಗುಂಡಿ ಹಾಕುತ್ತಿದ್ದ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ನನ್ನ ಲಂಗ, ರವಿಕೆಗಳಿಗೆಲ್ಲ ಅವನೇ ಹಾಗೆ ಹಾಕಿಕೊಟ್ಟದ್ದು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಗಲಿಯಿಂದ ಮೆರವಣಿಗೆ ತೋರಿಸಿದ್ದು. ಆ ನಲವತ್ತೊಂದು ಜನ ಹೋದ ಮರುವರ್ಷವೇ ಗಿರಣಿ ಹಾಕಿದ, ಅದಕ್ಕೆ ಮೊದಲು ಏನು ಮಾಡುತ್ತಿದ್ದ ಎಂದು ನಾನು ಕೇಳಿದಾಗಲೆಲ್ಲ ಮಿಷನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ ಅನ್ನುತ್ತಿದ್ದ. ಸತ್ತು ಆರು ವರ್ಷ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾನು ಜನರನ್ನು ಸರಿಸಿಕೊಂಡು ಬೆಂಚಿನ ಹತ್ತಿರ ಹೋದೆ. ಆ ಅಂಗಿಯನ್ನು ಎತ್ತಿಕೊಂಡು ಮಡಿಕೆ ಬಿಚ್ಚಿದೆ. ಎಲ್ಲರೂ ನನ್ನ ಕಡೆ ತಿರುಗಿದರು. ಹೊಲಿಗೆಯವಳೂ ತಿರುಗಿದಳು, ಆ ಹಳದಿ ಲಂಗವನ್ನು ಎದೆಗೆ ಹಿಡಿದುಕೊಂಡೇ.

‘ಇದು ನಮ್ಮಪ್ಪಂದು,’ ಅಂದೆ.